ನಕ್ಷೆ ಬರೆಯುವ ಯಂತ್ರ: ಒಂದು ಕಿರುಚರಿತ್ರೆ

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಆಗಾಗ ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳುವುದುಂಟು: "ಮೇಷ್ಟ್ರೇ, ಮಗ ಕಾಲೇಜು ಗಣಿತಕ್ಕೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ಬೇಕೆನ್ನುತ್ತಾನೆ. ನೂರು ಡಾಲರಿಗೂ ಮೇಲೆ ಬೆಲೆ. ಇದು ನಿಜಕ್ಕೂ ಅಗತ್ಯವೇ? ಯಾವುದನ್ನು ಕೊಳ್ಳುವುದು?" ಲಾಗ್ ಟೇಬಲ್ ಮತ್ತು ಗ್ರಾಫ್ ಹಾಳೆಗಳಲ್ಲಿಯೇ ಗಣಿತ ಕಲಿತು ಹೋದವರಿಗೆ ಈ ಸಂಶಯ ಸಹಜವಾದುದೇ. ಉತ್ತರ ಹೇಳುವ ಮೊದಲು ಈ ಯಂತ್ರ ತರಗತಿಯೊಳಗೆ ಹೇಗೆ ಬಂದಿತೆಂಬುದನ್ನು ತಿಳಿಯುವುದು ಒಳಿತು.

ಸ್ಕಾಟ್ಲೆಂಡಿನ ಜಾನ್ ನೇಪಿಯರ್ 1614ರಲ್ಲಿ ಲಘುಗಣಕಗಳನ್ನು ಪ್ರಕಟಿಸಿದನು. ಗುಣಾಕಾರವನ್ನು ಸಂಕಲನವನ್ನಾಗಿಯೂ ಭಾಗಾಕಾರವನ್ನು ವ್ಯವಕಲನವನ್ನಾಗಿಯೂ ಮಾರ್ಪಡಿಸಿದ ಈ ಉಪಾಯದಿಂದಲೇ ಇಂಗ್ಲೆಂಡಿನ ವಿಲಿಯಂ ಆಟ್ರೆಡ್ ಮುಂದೆ ಸ್ಲೈಡ್ ರೂಲನ್ನು ರೂಪಿಸಿದನು. ಮೂರು ಶತಮಾನಗಳಿಗೂ ಮಿಕ್ಕಿ ಎಂಜಿನಿಯರುಗಳ ಕೈಯಲ್ಲಿ ಮೆರೆದ ಆ ಜಾರುಪಟ್ಟಿಯ ಯುಗಕ್ಕೆ ತೆರೆ ಎಳೆದುದು 1972ರಲ್ಲಿ ಬಂದ ಎಚ್‌ಪಿ-35. ಸೈನ್, ಕೊಸೈನ್, ಲಾಗ್ ಎಲ್ಲವನ್ನೂ ಅಂಗೈಯಲ್ಲಿ ತೋರಿಸಿದ ಆ ಯಂತ್ರದ ಅಂದಿನ ಬೆಲೆ 395 ಡಾಲರ್. ನಾಲ್ಕೇ ವರ್ಷಗಳಲ್ಲಿ, 1976ರಲ್ಲಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಟಿಐ-30 ಇಪ್ಪತ್ತೈದು ಡಾಲರಿಗೆ ದೊರಕತೊಡಗಿತು. ಬೆಲೆಯ ಈ ಕುಸಿತವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಅಗತ್ಯ ಬೀಳುತ್ತದೆ.

ಅಷ್ಟಾದರೂ ಈ ಯಂತ್ರಗಳು ಸಂಖ್ಯೆಯನ್ನು ಕೊಡುತ್ತಿದ್ದವೇ ಹೊರತು ಚಿತ್ರವನ್ನಲ್ಲ. ಸಮೀಕರಣದ ನಕ್ಷೆಯನ್ನು ಪರದೆಯ ಮೇಲೆ ಮೂಡಿಸಿದ ಮೊದಲ ಕೈಯಂತ್ರ ಜಪಾನಿನ ಕ್ಯಾಸಿಯೊ ಸಂಸ್ಥೆಯದು. 1985ರಲ್ಲಿ ಬಂದ ಅದರ ಹೆಸರು ಎಫ್ಎಕ್ಸ್-7000ಜಿ. ಅದರ ಪರದೆಯಲ್ಲಿದ್ದುದು ಅಡ್ಡಕ್ಕೆ 96, ಉದ್ದಕ್ಕೆ 64 ಚುಕ್ಕೆಗಳು ಮಾತ್ರ. 1987ರಲ್ಲಿ ಬಂದ ಎಚ್‌ಪಿ-28ಸಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಕ್ಷರಗಳಿಂದ ಕೂಡಿದ ಬೀಜಗಣಿತವನ್ನೇ ಮಾಡತೊಡಗಿತು.

ಯಂತ್ರ ಹುಟ್ಟಿದ ಮಾತ್ರಕ್ಕೆ ತರಗತಿಯನ್ನು ಸೇರುವುದಿಲ್ಲ. ಅದನ್ನು ಒಳಕ್ಕೆ ಕರೆದವರು ಅಧ್ಯಾಪಕರೇ. ಓಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದ ಫ್ರಾಂಕ್ಲಿನ್ ಡಿಮಾನಾ ಮತ್ತು ಬರ್ಟ್ ವೇಟ್ಸ್ ಎಂಬ ಪ್ರಾಧ್ಯಾಪಕರು, ವಿದ್ಯಾರ್ಥಿ ನೂರಾರು ನಕ್ಷೆಗಳನ್ನು ನೋಡಿ ಹೋಲಿಸಿದರೆ ಫಂಕ್ಷನ್ನಿನ ಸ್ವಭಾವ ಮನಸ್ಸಿಗೆ ಇಳಿಯುತ್ತದೆಂದು ನಂಬಿದರು, ಶಿಕ್ಷಕರಿಗಾಗಿ ತರಬೇತಿ ಶಿಬಿರಗಳನ್ನು ನಡೆಸಿದರು. 1989ರಲ್ಲಿ ಅಮೆರಿಕದ ಗಣಿತ ಶಿಕ್ಷಕರ ರಾಷ್ಟ್ರೀಯ ಮಂಡಳಿಯು ಪ್ರೌಢಶಾಲೆಯ ಎಲ್ಲ ವಿದ್ಯಾರ್ಥಿಗಳಿಗೂ ಇಂತಹ ಯಂತ್ರ ದೊರೆಯಬೇಕೆಂದು ಹೇಳಿತು. ಮರುವರ್ಷವೇ ಟಿಐ-81 ಮಾರುಕಟ್ಟೆಗೆ ಬಂದಿತು. ಕಾಲೇಜ್ ಬೋರ್ಡ್ 1994ರಲ್ಲಿ ಎಸ್ಎಟಿ ಪರೀಕ್ಷೆಗೆ ಕ್ಯಾಲ್ಕುಲೇಟರನ್ನು ಒಪ್ಪಿಕೊಂಡು, 1995ರಿಂದ ಎಪಿ ಕಲನಶಾಸ್ತ್ರದ ಪರೀಕ್ಷೆಗೆ ಗ್ರಾಫಿಂಗ್ ಕ್ಯಾಲ್ಕುಲೇಟರನ್ನು ಕಡ್ಡಾಯಗೊಳಿಸಿತು.

ಪರೀಕ್ಷೆ ಒಪ್ಪಿದ ಯಂತ್ರವನ್ನು ಶಿಕ್ಷಕರು ಕಲಿಸಿದರು. ಶಿಕ್ಷಕರು ಕಲಿಸಿದ ಯಂತ್ರವನ್ನು ಪಠ್ಯಪುಸ್ತಕಗಳು ಚಿತ್ರಿಸಿದವು. ಪಠ್ಯಪುಸ್ತಕ ಚಿತ್ರಿಸಿದ್ದನ್ನೇ ಪೋಷಕರು ಕೊಂಡರು. 1996ರ ಟಿಐ-83, 1999ರ ಟಿಐ-83 ಪ್ಲಸ್, 2004ರ ಟಿಐ-84 ಪ್ಲಸ್ ಇವೆಲ್ಲವೂ ಅದೇ 96 ಮತ್ತು 64 ಚುಕ್ಕೆಗಳ ಪರದೆಯನ್ನೂ, 1976ರಲ್ಲಿ ಬಂದ ಜೆಡ್-80 ಎಂಬ ಸಂಸ್ಕಾರಕದ ವಂಶವನ್ನೂ ಉಳಿಸಿಕೊಂಡವು. ಸಾಮಾನ್ಯ ಕ್ಯಾಲ್ಕುಲೇಟರಿನ ಬೆಲೆ ನಾಲ್ಕು ವರ್ಷಗಳಲ್ಲಿ ನೆಲಕಚ್ಚಿದರೆ, ಇದರ ಬೆಲೆ ದಶಕಗಳುದ್ದಕ್ಕೂ ನೂರು ಡಾಲರಿನ ಆಸುಪಾಸಿನಲ್ಲಿಯೇ ನಿಂತಿತು. ಆಯ್ಕೆ ಮಾಡುವವನು ಕೊಳ್ಳುವವನಾಗಿರಲಿಲ್ಲ ಎಂಬುದೇ ಇದರ ಮರ್ಮವೆಂದು ನನಗೆ ತೋರುತ್ತದೆ. ಬಡ ಮನೆಯ ಹುಡುಗನಿಗೆ ನೂರು ಡಾಲರೆಂದರೆ ಅಲ್ಲಿಯೂ ಸಣ್ಣ ಮೊತ್ತವಲ್ಲ.

ನಮ್ಮಲ್ಲಿ ಕಥೆ ಬೇರೆ. ನಮ್ಮ ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಗಣಿತ ಪರೀಕ್ಷೆಗಳಲ್ಲಿ ಕ್ಯಾಲ್ಕುಲೇಟರಿಗೆ ಪ್ರವೇಶವಿಲ್ಲ. ಬೆಲೆಗಳ ಕೋಷ್ಟಕ ಬರೆದು, ಅಕ್ಷಗಳನ್ನು ಎಳೆದು, ಅಳತೆಯನ್ನು ನಮೂದಿಸಿ, ಬಿಂದುಗಳನ್ನು ಗುರುತಿಸಿ ಸೇರಿಸುವುದೇ ನಮ್ಮ ಪದ್ಧತಿ. ಒಂದು ಪರವಲಯಕ್ಕೆ ಅರ್ಧ ಪೀರಿಯಡ್ ಕಳೆಯುತ್ತಿತ್ತು. ಆದರೆ ಹಾಳೆಯಲ್ಲಿ ನಕ್ಷೆ ಹಿಡಿಯುವಂತೆ ಅಳತೆಯನ್ನು ಆರಿಸುವ ವಿವೇಕ ಆ ಅರ್ಧ ಪೀರಿಯಡ್ಡಿನಲ್ಲಿ ಹುಡುಗರಿಗೆ ಬರುತ್ತಿತ್ತು.

ಯಂತ್ರ ಹಿಡಿದವನಿಗೂ ಈ ವಿವೇಕ ಬೇಕು. ಯಂತ್ರದ ಸಾಮಾನ್ಯ ಕಿಟಕಿಯು ಎರಡು ಅಕ್ಷಗಳ ಮೇಲೂ ಋಣ 10ರಿಂದ ಧನ 10ರವರೆಗೆ ಇರುತ್ತದೆ. ಅದರಲ್ಲಿ 'ವೈ = ಎಕ್ಸ್ ವರ್ಗ + 20' ಎಂದು ಒತ್ತಿದರೆ ಪರದೆಯಲ್ಲಿ ಅಕ್ಷಗಳಲ್ಲದೆ ಏನೂ ಕಾಣದು. ಪರವಲಯದ ಅತ್ಯಂತ ಕೆಳಗಿನ ಬಿಂದುವೇ 20ರಲ್ಲಿದೆಯಲ್ಲ! ಹಾಗೆಯೇ ಒಂದನ್ನು 'ಎಕ್ಸ್ - 2'ರಿಂದ ಭಾಗಿಸಿದ ಫಂಕ್ಷನ್ನಿಗೆ ಎಕ್ಸ್ 2 ಆದಾಗ ಬೆಲೆಯೇ ಇಲ್ಲ. ಆದರೆ ಹಳೆಯ ಯಂತ್ರಗಳು ಅಕ್ಕಪಕ್ಕದ ಚುಕ್ಕೆಗಳನ್ನು ಸೇರಿಸುವ ಭರದಲ್ಲಿ ಅಲ್ಲೊಂದು ಕಡಿದಾದ ಗೆರೆಯನ್ನೇ ಎಳೆದುಬಿಡುತ್ತಿದ್ದವು. ಅದು ನಕ್ಷೆಯ ಭಾಗವಲ್ಲವೆಂದು ತಿಳಿಯಲು ಗಣಿತ ಗೊತ್ತಿರಬೇಕು.

ಇನ್ನು ಆಯ್ಕೆಯ ಮಾತು. ಮೊದಲು ತರಗತಿಯ ಅಧ್ಯಾಪಕರ ಸೂಚನೆಯನ್ನು ಓದಬೇಕು. ಕಾಲೇಜುಗಳ ಎಷ್ಟೋ ಗಣಿತ ವಿಭಾಗಗಳು ಪರೀಕ್ಷೆಯಲ್ಲಿ ಯಂತ್ರವನ್ನೇ ಬಿಡುವುದಿಲ್ಲ. ಎರಡನೆಯದಾಗಿ, ಬೀಜಗಣಿತವನ್ನು ತಾನೇ ಬಿಡಿಸುವ ಮಾದರಿಗಳ ಬಗ್ಗೆ ಎಚ್ಚರವಿರಲಿ. 1998ರ ಟಿಐ-89 ಈ ಬಗೆಯದು. ಎಸಿಟಿ ಪರೀಕ್ಷೆ ಅದನ್ನು ನಿಷೇಧಿಸಿದೆ. ಹೆಚ್ಚು ಬೆಲೆ ಕೊಟ್ಟು ತಂದ ಯಂತ್ರ ಪರೀಕ್ಷಾ ಕೊಠಡಿಯ ಹೊರಗೇ ಉಳಿಯಬಹುದು. ಮೂರನೆಯದಾಗಿ, ಅಧ್ಯಾಪಕರು ಬಳಸುವ ಮಾದರಿಯನ್ನೇ ಹಳೆಯದಾಗಿ ಕೊಂಡರೆ ನಷ್ಟವಿಲ್ಲ. ಗಣಿತ ಹಳತಾಗುವುದಿಲ್ಲವಷ್ಟೆ.

ಕೊನೆಯದಾಗಿ, ಕೊಳ್ಳದೆಯೂ ಇರಬಹುದು. 2011ರಲ್ಲಿ ಎಲೈ ಲುಬೆರಾಫ್ ಆರಂಭಿಸಿದ ಡೆಸ್ಮಾಸ್ ಎಂಬ ಉಚಿತ ಗ್ರಾಫಿಂಗ್ ಸಾಧನ ಅಂತರ್ಜಾಲದಲ್ಲಿ ಯಾರಿಗೂ ದೊರೆಯುತ್ತದೆ. ಅಮೆರಿಕದಲ್ಲಿ 2024ರಿಂದ ಗಣಕದ ಮೇಲೆ ನಡೆಯುತ್ತಿರುವ ಎಸ್ಎಟಿ ಪರೀಕ್ಷೆಯೊಳಗೇ ಅದನ್ನು ಅಳವಡಿಸಲಾಗಿದೆ. ಮೂವತ್ತು ವರ್ಷಗಳ ಹಿಂದೆ ಪರೀಕ್ಷೆಯೇ ತೆರೆದ ಮಾರುಕಟ್ಟೆಯ ಬಾಗಿಲನ್ನು ಪರೀಕ್ಷೆಯೇ ಈಗ ಅರ್ಧ ಮುಚ್ಚಿದಂತಾಗಿದೆ. ಹೊಳಲ್ಕೆರೆಯ ಹಳ್ಳಿಯ ಹುಡುಗಿಯೂ ಬೋಸ್ಟನ್ನಿನ ಹುಡುಗನೂ ಒಂದೇ ನಕ್ಷೆಯನ್ನು ಬಿಟ್ಟಿಯಾಗಿ ನೋಡಬಹುದಾದ ಕಾಲವಿದು.

ಆದರೂ ನನ್ನದೊಂದು ವಿನಂತಿ. ಯಾವ ಯಂತ್ರವನ್ನೇ ಕೊಡಿಸಿ, ಅದರ ಜೊತೆಗೆ ಹತ್ತು ಗ್ರಾಫ್ ಹಾಳೆಗಳನ್ನೂ ಒಂದು ಚೂಪಾದ ಪೆನ್ಸಿಲನ್ನೂ ಕೊಡಿಸಿ. ಗುಂಡಿಯನ್ನು ಒತ್ತುವ ಮೊದಲು ನಕ್ಷೆ ಹೇಗಿರಬಹುದೆಂದು ಮಗು ಒಮ್ಮೆ ಕೈಯಿಂದ ಗೀಚಿ ನೋಡಲಿ. ಯಂತ್ರ ತೋರಿಸಿದ್ದು ಸರಿಯೋ ತಪ್ಪೋ ಎಂದು ಕೇಳುವ ಅಧಿಕಾರ ಅಂಥ ಮಗುವಿಗೆ ತಾನಾಗಿಯೇ ಬರುತ್ತದೆ.