ಧೋಂಡಿಯ ವಾಘ್

ಚನ್ನಗಿರಿಯಲ್ಲಿ ಜನಿಸಿದ ಧೋಂಡಿಯ ವಾಘ್ ಹೈದರಾಲಿಯ ಅಶ್ವಸೈನ್ಯದಲ್ಲಿದ್ದ ಮರಾಠಾ ಮೂಲದ ಯೋಧ. ಮುಂದೆ ಟಿಪ್ಪು ಸುಲ್ತಾನನ ಅವಕೃಪೆಗೆ ಪಾತ್ರನಾಗಿ ಶ್ರೀರಂಗಪಟ್ಟಣದಲ್ಲಿ ಸೆರೆಯಾದನು.

1799ರ ಮೇ 4ರಂದು ಪಟ್ಟಣವು ಪತನಗೊಂಡಾಗ ಬಿಡುಗಡೆ ಹೊಂದಿದ ಈತ, ಟಿಪ್ಪುವಿನ ಚದುರಿದ ಸೈನಿಕರನ್ನು ಒಗ್ಗೂಡಿಸಿ ಬಿದನೂರು ಹಾಗೂ ಸೊರಬಕ್ಕೆ ನೆರೆಯ ಶಿಕಾರಿಪುರ ಸೀಮೆಗಳಲ್ಲಿ ಅಧಿಕಾರ ಸ್ಥಾಪಿಸಿದನು. ಅದೇ ಆಗಸ್ಟ್‌ನಲ್ಲಿ ಬ್ರಿಟಿಷರು ಶಿಕಾರಿಪುರವನ್ನು ಗೆದ್ದಾಗ ಮರಾಠರ ಸೀಮೆಗೆ ಪಾರಾದನು.

'ಉಭಯ ಲೋಕಾಧೀಶ್ವರ'ನೆಂಬ ಬಿರುದು ಧರಿಸಿ 1800ರಲ್ಲಿ ಮತ್ತೆ ಬಲಗೊಂಡ ಈತ, ಮರಾಠಾ ಸರದಾರ ಧೋಂಡೋಪಂತ ಗೋಖಲೆಯನ್ನು ಸೋಲಿಸಿ ಕೊಂದನು. ಆದರೆ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಆರ್ಥರ್ ವೆಲ್ಲೆಸ್ಲಿಯ ನಾಲ್ಕು ಅಶ್ವದಳಗಳ ದಾಳಿಗೆ ಬಲಿಯಾದನು. ಅನಾಥನಾದ ಬಾಲಕ ಸಲಾಬತ್ ಖಾನನ ಪಾಲನೆಗೆ ವೆಲ್ಲೆಸ್ಲಿಯೇ ಹಣ ಒದಗಿಸಿದನು.

ಬ್ರಿಟಿಷರ ದಾಖಲೆಗಳು ಧೋಂಡಿಯನನ್ನು ಲೂಟಿಕೋರನೆಂದವು. ಕನ್ನಡ ನಾಡಿನಲ್ಲಿ ಆತ ಕಂಪನಿಯ ಆಳ್ವಿಕೆಯನ್ನು ಮೊದಲಿಗೆ ಎದುರಿಸಿದವರಲ್ಲೊಬ್ಬನೆಂದು ಸ್ಮರಣೀಯನಾಗಿದ್ದಾನೆ.