ವನ್ಯಪ್ರಾಣಿಗಳಿಗೆ ಔಷಧ ನೀಡುವ ಬಗ್ಗೆ ಕಾನೂನಿನ ನಿರ್ಬಂಧಗಳು – ಸಾರ್ವಜನಿಕರಿಗೆ ಮಾಹಿತಿ

ಗಾಯಗೊಂಡ ಅಥವಾ ರೋಗಪೀಡಿತ ವನ್ಯಪ್ರಾಣಿಯನ್ನು ಕಂಡ ನಾಗರಿಕರು ಅನುಕಂಪದಿಂದ ತಾವೇ ಔಷಧ ನೀಡಲು ಮುಂದಾಗುವುದುಂಟು. ಉದ್ದೇಶ ಒಳ್ಳೆಯದಾದರೂ ಕಾನೂನು ಇದಕ್ಕೆ ಅವಕಾಶ ನೀಡುವುದಿಲ್ಲ. ಈ ಸಂಬಂಧ ತಿಳಿದಿರಬೇಕಾದ ಅಂಶಗಳನ್ನು ಕೆಳಗೆ ನೀಡಲಾಗಿದೆ.

1. ಕಾನೂನಿನ ಉಪಬಂಧಗಳು

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರಲ್ಲಿ ಔಷಧ ನೀಡುವುದರ ಬಗ್ಗೆಯೇ ಪ್ರತ್ಯೇಕ ಪ್ರಕರಣವಿಲ್ಲ. ಆದರೆ ಔಷಧ ನೀಡಬೇಕಾದರೆ ಪ್ರಾಣಿಯನ್ನು ಹಿಡಿಯಬೇಕು ಇಲ್ಲವೇ ಪ್ರಜ್ಞೆ ತಪ್ಪಿಸಬೇಕು. ಪ್ರಕರಣ 2(16)ರ ಪ್ರಕಾರ ವನ್ಯಪ್ರಾಣಿಯನ್ನು ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಆಮಿಷವೊಡ್ಡುವುದು, ವಿಷವಿಕ್ಕುವುದು ಹಾಗೂ ಇವುಗಳಿಗೆ ಪ್ರಯತ್ನಿಸುವುದು ಸಹ ‘ಬೇಟೆ’ ಎನಿಸುತ್ತದೆ. ಅನುಸೂಚಿ I ಮತ್ತು IIರಲ್ಲಿನ ಪ್ರಾಣಿಗಳ ಬೇಟೆಯನ್ನು ಪ್ರಕರಣ 9 ನಿಷೇಧಿಸಿದೆ.

2. ಅನುಮತಿ ನೀಡುವ ಪ್ರಾಧಿಕಾರಿ

ಪ್ರಕರಣ 11 ಮತ್ತು 12ರ ಅಡಿ ಈ ನಿಷೇಧದಿಂದ ವಿನಾಯಿತಿ ನೀಡುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರಿಗಿದೆ. ಶಿಕ್ಷಣ, ವೈಜ್ಞಾನಿಕ ಸಂಶೋಧನೆ ಮುಂತಾದ ಉದ್ದೇಶಗಳಿಗೆ ಪ್ರಾಣಿಗಳನ್ನು ಹಿಡಿಯಲು ಇಚ್ಛಿಸುವವರು ಅವರಿಗೆ ಲಿಖಿತ ಅರ್ಜಿ ಸಲ್ಲಿಸಿ ಅನುಜ್ಞಾಪತ್ರ ಪಡೆಯತಕ್ಕದ್ದು. ಅನುಸೂಚಿ Iರ ಪ್ರಾಣಿಗಳಾದರೆ, ಸ್ಥಳಾಂತರವೂ ಸೇರಿದಂತೆ ವೈಜ್ಞಾನಿಕ ನಿರ್ವಹಣೆಗೆ ಕೇಂದ್ರ ಸರ್ಕಾರದ ಪೂರ್ವಾನುಮತಿಯೂ ಅಗತ್ಯ.

3. ಔಷಧಗಳ ಮೇಲಿನ ನಿಯಂತ್ರಣ

(ಅ) ಭಾರತೀಯ ಪಶುವೈದ್ಯ ಪರಿಷತ್ ಅಧಿನಿಯಮ, 1984ರಂತೆ ಪಶುವೈದ್ಯ ವೃತ್ತಿ ನಡೆಸುವ ಹಕ್ಕು ನೋಂದಾಯಿತ ಪಶುವೈದ್ಯರದು.

(ಆ) ಅರಿವಳಿಕೆಗೆ ಬಳಸುವ ಕೆಟಮಿನ್ ಔಷಧ ನಿಯಮಗಳ ಅನುಸೂಚಿ ‘ಎಕ್ಸ್’ಗೆ ಸೇರಿದೆ. ಇದಕ್ಕೆ ವೈದ್ಯರ ಚೀಟಿ ಎರಡು ಪ್ರತಿಗಳಲ್ಲಿರಬೇಕು. ಒಂದು ಪ್ರತಿಯನ್ನು ಮಾರಾಟಗಾರರು ಎರಡು ವರ್ಷ ಕಾಪಾಡಬೇಕು.

(ಇ) ಡೈಕ್ಲೋಫೆನಾಕ್ ನೀಡಲಾದ ಜಾನುವಾರಿನ ಕಳೇಬರ ತಿಂದ ರಣಹದ್ದುಗಳು ಮೂತ್ರಪಿಂಡ ವೈಫಲ್ಯದಿಂದ ಸಾಯುತ್ತವೆ. ದೇಶದ ಮೂರು ಪ್ರಭೇದಗಳ ಸಂಖ್ಯೆ ಶೇ 90ಕ್ಕೂ ಹೆಚ್ಚು ಕುಸಿಯಲು ಇದೇ ಮುಖ್ಯ ಕಾರಣ. ಇದರ ಪಶುವೈದ್ಯಕೀಯ ಬಳಕೆಯನ್ನು 2006ರಲ್ಲಿ, ಕೀಟೊಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್ ಬಳಕೆಯನ್ನು 2023ರಲ್ಲಿ ನಿಷೇಧಿಸಲಾಯಿತು. ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದು ವನ್ಯಜೀವಿಧಾಮವೆಂದು ಘೋಷಿಸಲಾಗಿದ್ದು, ಸುತ್ತಮುತ್ತಲ ಜಾನುವಾರು ಮಾಲೀಕರು ಈ ಔಷಧಗಳನ್ನು ಬಳಸಕೂಡದು. ಬದಲಿಗೆ ಮೆಲಾಕ್ಸಿಕಾಮ್ ಬಗ್ಗೆ ಪಶುವೈದ್ಯರನ್ನು ವಿಚಾರಿಸಬಹುದು.

4. ನಿರ್ಬಂಧದ ಕಾರಣ

ಅರಿವಳಿಕೆಯ ಪ್ರಮಾಣವನ್ನು ಪ್ರಾಣಿಯ ಜಾತಿ, ತೂಕ ಮತ್ತು ದೇಹಸ್ಥಿತಿಯನ್ನು ಗಮನಿಸಿ ನಿರ್ಧರಿಸಬೇಕಾಗುತ್ತದೆ. ಪ್ರಮಾಣ ಹೆಚ್ಚಾದರೆ ಉಸಿರಾಟ ನಿಲ್ಲಬಹುದು. ಕಡಿಮೆಯಾದರೆ ಪ್ರಾಣಿ ಅರೆಪ್ರಜ್ಞೆಯಲ್ಲಿ ದಾಳಿ ಮಾಡಬಹುದು. ಜಿಂಕೆಯಂತಹ ಪ್ರಾಣಿ ಹಿಡಿಯುವಾಗಿನ ಗಾಬರಿಯಿಂದಲೇ ಸಾಯುವ ಸಂಭವವಿದೆ. ತರಬೇತಿ ಪಡೆದವರಿಗೂ ಅಪಾಯ ತಪ್ಪಿದ್ದಲ್ಲ. 2023ರ ಆಗಸ್ಟ್‌ನಲ್ಲಿ ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡ ಕಾಡಾನೆಯ ಚಿಕಿತ್ಸೆಗಾಗಿ ಅರಿವಳಿಕೆ ಚುಚ್ಚುಮದ್ದು ಹಾರಿಸಲು ತೆರಳಿದ್ದ ಅನುಭವಿ ಸಿಬ್ಬಂದಿಯೊಬ್ಬರು ಅದೇ ಆನೆಯ ದಾಳಿಯಿಂದ ಮೃತಪಟ್ಟರು.

5. ಸಾರ್ವಜನಿಕರು ಅನುಸರಿಸಬೇಕಾದ ಕ್ರಮ

• ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಕೂಡಲೇ ತಿಳಿಸುವುದು. ಸ್ಥಳದ ಗುರುತು, ಪ್ರಾಣಿಯ ವಿಧ ಮತ್ತು ಕಂಡುಬಂದ ಗಾಯದ ವಿವರ ನೀಡುವುದು.
• ಪ್ರಾಣಿಯಿಂದ ದೂರವಿದ್ದು, ಜನರು ಹಾಗೂ ನಾಯಿಗಳು ಹತ್ತಿರ ಸುಳಿಯದಂತೆ ನೋಡಿಕೊಳ್ಳುವುದು.
• ಮನುಷ್ಯರ ಅಥವಾ ಜಾನುವಾರುಗಳ ಮಾತ್ರೆ, ಚುಚ್ಚುಮದ್ದು, ಮದ್ದು ಬೆರೆಸಿದ ಆಹಾರ ನೀಡದಿರುವುದು.
• ವನ್ಯಪ್ರಾಣಿ ಅನಿವಾರ್ಯವಾಗಿ ವಶಕ್ಕೆ ಬಂದಲ್ಲಿ, ಪ್ರಕರಣ 39ರಂತೆ 48 ಗಂಟೆಗಳೊಳಗೆ ಸಮೀಪದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ವರದಿ ಮಾಡಿ, ಅವರು ಕೇಳಿದಲ್ಲಿ ಒಪ್ಪಿಸುವುದು.
• ವನ್ಯಜೀವಿಧಾಮದೊಳಗೆ ಜಾನುವಾರು ಒಯ್ಯುವ ಅಥವಾ ಮೇಯಿಸುವ ಮುನ್ನ ಅವುಗಳಿಗೆ ರೋಗನಿರೋಧಕ ಲಸಿಕೆ ಹಾಕಿಸುವುದು ಪ್ರಕರಣ 33-ಎ ಪ್ರಕಾರ ಕಡ್ಡಾಯ.

6. ದಂಡನೆ

2022ರ ತಿದ್ದುಪಡಿಯ ನಂತರ, ಅಧಿನಿಯಮದ ಉಲ್ಲಂಘನೆಗೆ ಸಾಮಾನ್ಯವಾಗಿ 3 ವರ್ಷಗಳವರೆಗೆ ಕಾರಾವಾಸ ಅಥವಾ 1 ಲಕ್ಷ ರೂ.ವರೆಗೆ ಜುಲ್ಮಾನೆ ಅಥವಾ ಇವೆರಡನ್ನೂ ವಿಧಿಸಬಹುದು. ಹುಲಿ, ಚಿರತೆ, ಆನೆ, ನವಿಲು ಮುಂತಾದ ಅನುಸೂಚಿ Iರ ಪ್ರಾಣಿಗಳ ವಿಷಯದಲ್ಲಿ 3ರಿಂದ 7 ವರ್ಷ ಕಾರಾವಾಸ ಹಾಗೂ ಕನಿಷ್ಠ 25,000 ರೂ. ಜುಲ್ಮಾನೆ ಇರುತ್ತದೆ.

ನಾಗರಿಕರು ಸಕಾಲದಲ್ಲಿ ನೀಡುವ ಮಾಹಿತಿಯಿಂದ ಪ್ರಾಣಿಗೆ ಸೂಕ್ತ ಚಿಕಿತ್ಸೆ ದೊರೆಯಲು ಅನುಕೂಲವಾಗುತ್ತದೆ. ಆದುದರಿಂದ ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ.