ಅಮೃತದ ಪಾತ್ರೆ ಒಂದಾಯ್ತು, ಹೊಲ ಒಂದಾಗಲಿಲ್ಲ



ಮೊನ್ನೆ ಬಸವೇಶ್ವರನಗರದಲ್ಲಿ ಅಂಬೇಡ್ಕರ್ ಜಯಂತಿ ತಯಾರಿ ಸಭೆ ಮುಗಿಸಿ ಟೀ ಕುಡೀತಾ ನಿಂತಿದ್ವಿ. ಒಬ್ಬ ಹುಡುಗ ಕೇಳಿದ: "ಅಣ್ಣಾ, ಸಿಖ್ಖರಲ್ಲಿ ಜಾತಿ ಇಲ್ವಲ್ಲ, ನಾವೂ ಯಾಕೆ ಅಲ್ಲಿಗೆ ಹೋಗಬಾರದು?" ನಿಂತಲ್ಲೇ ಹೇಳಿ ಮುಗಿಸೋ ಮಾತಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ.

ಈ ಪ್ರಶ್ನೆ ಬಾಬಾಸಾಹೇಬರಿಗೂ ಇತ್ತು. 1935ರಲ್ಲಿ ಯೇವಲಾದಲ್ಲಿ ಹಿಂದೂವಾಗಿ ಸಾಯೋದಿಲ್ಲ ಅಂತ ಘೋಷಿಸಿದ ಮೇಲೆ ಅವರು ಸಿಖ್ ಧರ್ಮವನ್ನೂ ಗಂಭೀರವಾಗಿ ಪರಿಶೀಲಿಸಿದ್ದರು.

ಆ ಧರ್ಮದ ಸೆಳೆತಕ್ಕೆ ಕಾರಣ ಇದೆ. ಅದರಲ್ಲಿ ನಮ್ಮ ನಾಡಿನ ಪಾಲೂ ಇದೆ. 1699ರ ಬೈಸಾಖಿಯಂದು ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ಖಾಲ್ಸಾ ಕಟ್ಟಿದಾಗ, ತಲೆ ಕೊಡೋಕೆ ಎದ್ದು ನಿಂತ ಐವರಲ್ಲಿ ಒಬ್ಬರು ಬೀದರಿನ ಭಾಯಿ ಸಾಹಿಬ್ ಸಿಂಗ್. ಸಿಖ್ ಪರಂಪರೆಯ ಪ್ರಕಾರ ಅವರು ಕ್ಷೌರಿಕ ಕುಟುಂಬದವರು. ಉಳಿದವರಲ್ಲಿ ನೀರು ಹೊರುವವರಿದ್ದರು, ಬಟ್ಟೆಗೆ ಅಚ್ಚು ಹಾಕುವವರಿದ್ದರು, ಜಾಟರಿದ್ದರು, ಖತ್ರಿಗಳಿದ್ದರು. ಐವರೂ ಒಂದೇ ಪಾತ್ರೆಯ ಅಮೃತ ಕುಡಿದರು. ಆಮೇಲೆ ಗುರುವೇ ಅವರ ಕೈಯಿಂದ ಅಮೃತ ಪಡೆದರು. ಚಮ್ಮಾರ ಸಂತ ರವಿದಾಸರ ಪದಗಳು ಗುರು ಗ್ರಂಥ ಸಾಹಿಬದಲ್ಲೇ ಇವೆ. ಇದು ಸಣ್ಣ ಕ್ರಾಂತಿಯಲ್ಲ.

ಆದ್ರೆ ಪಾತ್ರೆ ಒಂದಾಯ್ತು, ಹೊಲ ಒಂದಾಗಲಿಲ್ಲ.

1920ರಲ್ಲಿ ದಲಿತ ಸಿಖ್ಖರು ತಂದ ಪ್ರಸಾದವನ್ನು ಅಮೃತಸರದ ಸ್ವರ್ಣಮಂದಿರದ ಪುರೋಹಿತರು ಮುಟ್ಟಲು ಒಪ್ಪಲಿಲ್ಲ. ಸುಧಾರಕ ಸಿಖ್ಖರು ಜೊತೆಗೆ ನಿಂತ ಮೇಲೇ ಆ ಬಾಗಿಲು ತೆರೆದದ್ದು. ಅದಕ್ಕೂ ಮೊದಲೇ, 1900ರಲ್ಲಿ ಬ್ರಿಟಿಷರು ಪಂಜಾಬಿಗೆ ಭೂ ಪರಭಾರೆ ಕಾಯ್ದೆ ತಂದಿದ್ದರು. 'ಕೃಷಿಕ' ಅಂತ ಪಟ್ಟಿ ಮಾಡಿದ ಜಾತಿಗಳ ಜಮೀನನ್ನು ಬೇರೆಯವರು ಕೊಳ್ಳುವಂತಿಲ್ಲ. ಸಾಹುಕಾರರಿಂದ ರೈತರನ್ನು ಉಳಿಸೋಕೆ ಅಂದ್ರು. ಆದ್ರೆ ಹೊಲದಲ್ಲಿ ಗೇಯ್ತಿದ್ದ ದಲಿತರು ಆ ಪಟ್ಟಿಯಲ್ಲಿ ಇರಲಿಲ್ಲ! ದುಡ್ಡು ಕೂಡಿಟ್ಟರೂ ಹೊಲ ಸಿಗದ ಹಾಗಾಯ್ತು.

ಇದರ ಎದುರು ಎದ್ದವರು ಮಂಗೂರಾಂ. ಹೋಶಿಯಾರಪುರದ ಮುಗೋವಾಲದವರು, ಅಮೆರಿಕಕ್ಕೆ ಹೋಗಿ ಗದರ್ ಚಳವಳಿ ಸೇರಿದ್ದವರು. ಊರಿಗೆ ಮರಳಿ 1926ರಲ್ಲಿ 'ಆದ್ ಧರ್ಮ' ಚಳವಳಿ ಕಟ್ಟಿದರು. ನಾವು ಈ ನೆಲದ ಮೂಲನಿವಾಸಿಗಳು ಅನ್ನೋದೇ ಅದರ ತಿರುಳು. 1931ರ ಜನಗಣತಿಯಲ್ಲಿ 4 ಲಕ್ಷಕ್ಕೂ ಹೆಚ್ಚು ಜನ ತಮ್ಮ ಧರ್ಮ ಆದ್ ಧರ್ಮ ಅಂತಲೇ ಬರೆಸಿದರು. ನಮ್ಮ ಸರ್ಟಿಫಿಕೇಟಿನಲ್ಲಿರೋ ಆದಿ ಕರ್ನಾಟಕ, ಆದಿ ದ್ರಾವಿಡ ಹೆಸರುಗಳನ್ನ ನೆನಪು ಮಾಡ್ಕೊಳ್ಳಿ. ಅದೇ 'ಆದಿ', ಅದೇ ಸ್ವಾಭಿಮಾನ. ಮುಂದೆ ಬಿಎಸ್‌ಪಿ ಕಟ್ಟಿದ ಕಾನ್ಶಿರಾಂ ಕೂಡ ಪಂಜಾಬಿನ ದಲಿತ ಸಿಖ್ ಮನೆಯ ಮಗ.

ಈಗ? 2011ರ ಜನಗಣತಿ ಪ್ರಕಾರ ಪಂಜಾಬಿನಲ್ಲಿ ಪರಿಶಿಷ್ಟ ಜಾತಿಯವರು ಸುಮಾರು ಶೇ. 32, ದೇಶದ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಆದರೂ ಅವರ ಹೆಸರಲ್ಲಿರೋ ಜಮೀನು ತೀರಾ ಕಮ್ಮಿ. ಎಷ್ಟೋ ಹಳ್ಳಿಗಳಲ್ಲಿ ಗುರುದ್ವಾರವೂ ಬೇರೆ, ಸ್ಮಶಾನವೂ ಬೇರೆ. ಪಂಚಾಯತಿಯ ಸಾಗುವಳಿ ಜಮೀನಿನಲ್ಲಿ ಮೂರನೇ ಒಂದು ಪಾಲನ್ನು ದಲಿತರಿಗೇ ಗುತ್ತಿಗೆಗೆ ಕೊಡಬೇಕು ಅಂತ ಕಾನೂನಿದೆ. ಆದ್ರೆ ಜಮೀನ್ದಾರರು ದಲಿತರ ಹೆಸರಲ್ಲಿ ತಾವೇ ಹರಾಜು ಕೂಗಿಸಿ ಹಿಡೀತಿದ್ರು. ಸಂಗರೂರು ಕಡೆ ದಲಿತರು, ಅದರಲ್ಲೂ ಹೆಣ್ಣುಮಕ್ಕಳು, ಲಾಠಿ ಏಟು ತಿಂದು ಆ ಪಾಲನ್ನ ಕೇಳಿ ಪಡೀತಿದ್ದಾರೆ.

ನಮ್ಮ ಕಥೆ ಬೇರೇನಾ? ಮಂಜೂರಾತಿ ಜಮೀನು ಕೈತಪ್ಪಬಾರದು ಅಂತ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಅದನ್ನ ಉಳಿಸಿಕೊಳ್ಳೋಕೆ 2023ರಲ್ಲಿ ತಿದ್ದುಪಡಿಗಾಗಿ ಬೀದಿಗಿಳಿಯಬೇಕಾಯ್ತು. ಕೆಂಗೇರಿ ಆಚೆ ಸೈಟು ವ್ಯಾಪಾರ ಜೋರಾದಾಗ ಏನೇನಾಯ್ತು ಅಂತ ನಿಮ್ಮ ಮನೆ ಹಿರಿಯರನ್ನೇ ಕೇಳಿ.

ತಮ್ಮಾ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಧರ್ಮ ಆರಿಸ್ಕೊಳ್ಳೋದು ನಿನ್ನ ಹಕ್ಕು, ಸಾಹಿಬ್ ಸಿಂಗರ ಬಗ್ಗೆ ಹೆಮ್ಮೆಯೂ ಇರಲಿ. ಆದ್ರೆ ಎಲ್ಲಿಗೇ ಹೋದ್ರೂ ಪಹಣಿಯಲ್ಲಿ ಯಾರ ಹೆಸರಿದೆ ಅಂತ ಮೊದಲು ನೋಡು.

ಜೈಭೀಮ್.